ಕ್ಯಾಸೆಟ್ಟಿನೊಳಗಿನ ಪಟಪಟ

ನನ್ನ ಗಂಡನಿಗೆ ಬಾಕ್ಸ್ ಸೆಟ್ಟುಗಳ ಹುಚ್ಚು. ಬ್ಯಾಂಡೊಂದು ಹಾಡಿ, ಹೆಸರು ಮಾಡಿ, ಜಗಳವಾಡಿ ಚದುರಿಹೋದ ಎಷ್ಟೋ ವರ್ಷಗಳ ಮೇಲೆ ಯಾರೋ ಬಂದು ಅವರ ಅಟ್ಟ ಗುಡಿಸುತ್ತಾರೆ. ಎಲ್ಲೂ ಬಿಡುಗಡೆಯಾಗದ ಹಾಡು, ಅರ್ಧಕ್ಕೆ ನಿಂತ ಹಾಡು, ತಾಲೀಮಿನಲ್ಲಿ ಒಬ್ಬ ಕೆಮ್ಮಿ ಇನ್ನೊಬ್ಬ ಬೈದದ್ದು, ಎಲ್ಲವನ್ನೂ ನಾಲ್ಕೈದು ಸಿ.ಡಿ.ಗಳಿಗೆ ತುಂಬಿ, ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಜೊತೆಗೊಂದು ದಪ್ಪ ಪುಸ್ತಕ ಸೇರಿಸಿ ಮಾರುತ್ತಾರೆ. ಅದನ್ನು ಕೊಳ್ಳುವವರೂ ಇದ್ದಾರೆ ಎಂಬುದಕ್ಕೆ ದೆಹಲಿಯ ಮಯೂರ್ ವಿಹಾರದ ನಮ್ಮ ಫ್ಲ್ಯಾಟೇ ಸಾಕ್ಷಿ. ನಮ್ಮಲ್ಲಿ ದೇವರಿಗೆ ಅಡುಗೆಮನೆಯ ಒಂದು ಗೂಡು, ಬಾಕ್ಸ್ ಸೆಟ್ಟುಗಳಿಗೆ ಹಾಲಿನ ಒಂದು ಇಡೀ ಗೋಡೆ.

“ಮದುವೆ ಮನೇಲಿ ಮಿಕ್ಕಿದ ಸಾರನ್ನ ಮಾರನೇ ದಿನ ಬೆಳ್ಳಿ ಬಟ್ಟಲಲ್ಲಿ ಬಡಿಸಿದ ಹಾಗಿದೆ ಇದು” ಎಂದು ನಾನು ರೇಗುತ್ತಿದ್ದೆ.

“ಮಾರನೇ ದಿನದ ಸಾರೇ ಕಣೇ ರುಚಿ” ಎನ್ನುತ್ತಿದ್ದರು ನಮ್ಮವರು.

ಹಾಗಂತ ಕಂಡದ್ದನ್ನೆಲ್ಲ ಕೊಳ್ಳುವವರಲ್ಲ. ಅವರಿಗೆ ಒಂದು ಕಟ್ಟಳೆಯಿದೆ. ಪೆಟ್ಟಿಗೆ ಕೈಗೆತ್ತಿಕೊಂಡರೆ ಹಿಂಬದಿಯ ಹಾಡಿನ ಪಟ್ಟಿಯನ್ನು ಕನ್ನಡಕ ಹಣೆಗೇರಿಸಿ ಓದುತ್ತಾರೆ. ಗೊತ್ತಿರುವ ಹಾಡನ್ನೇ ಉಜ್ಜಿ ತೊಳೆದು ನಾಲ್ಕು ಸಲ ಕೊಟ್ಟಿದ್ದರೆ ಅಲ್ಲೇ ಕೆಳಗಿಡುತ್ತಾರೆ. ಬ್ಯಾಂಡಿನವರು ಕೇಳಿದರೆ ಸ್ವಲ್ಪ ನಾಚಿಕೊಳ್ಳಬೇಕು, ಅಂಥದ್ದೊಂದಾದರೂ ಒಳಗೆ ಇದ್ದರೆ ಮಾತ್ರ ಕೊಳ್ಳುವುದು. “ಅವ್ರಿಗೇ ಗೊತ್ತಿಲ್ದೆ ಅವ್ರು ಏನ್ ಮಾಡ್ತಿದ್ರು ಅಂತ ಕೇಳ್ಬೇಕು ನಂಗೆ. ಗೊತ್ತಿದ್ದು ಮಾಡಿದ್ದನ್ನ ಆಗ್ಲೇ ಮಾರಿದಾರಲ್ಲ” ಎಂದು ಅವರ ವಾದ. ಇಪ್ಪತ್ತು ವರ್ಷದಿಂದ ಈ ವಾದವನ್ನು ನಾನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದೆ. ಸಚಿವಾಲಯದಲ್ಲಿ ದಿನವಿಡೀ ಹಳೆಯ ಫೈಲು ನೋಡಿ ಬರುವ ನನಗೆ ಮನೆಗೆ ಬಂದಮೇಲೆ ಇನ್ನೊಬ್ಬರ ಹಳೆಯ ಫೈಲು ಕೇಳುವ ಆಸೆ ಇರಲಿಲ್ಲ.

ಕಳೆದ ವರ್ಷ ನನ್ನ ಅಣ್ಣನ ಬ್ಯಾಂಡಿನ ಬಾಕ್ಸ್ ಸೆಟ್ ತರುತ್ತೇವೆಂದು ಒಬ್ಬಳು ಹುಡುಗಿ ನಮ್ಮ ಮನೆ ಬಾಗಿಲು ತಟ್ಟಿದಳು.

ಹೌದು, ನನ್ನ ಅಣ್ಣ ಒಂದು ಕಾಲಕ್ಕೆ ಬ್ಯಾಂಡಿನ ಹಾಡುಗಾರ. ಕಾಲೇಜಿನ ನಾಲ್ವರು ಸೇರಿ ಕಟ್ಟಿಕೊಂಡದ್ದು. ಅಣ್ಣನೊಬ್ಬ ಕನ್ನಡದವನು, ಉಳಿದ ಮೂವರು ದೆಹಲಿಯವರೇ. ಹಿಂದಿಯಲ್ಲಿ ತಾವೇ ಹಾಡು ಬರೆದು, ತಾವೇ ಕಟ್ಟಿ, ಕಾಲೇಜುಗಳ ಉತ್ಸವಗಳಲ್ಲಿ ಹಾಡಿ ಎರಡು ಆಲ್ಬಂ ತಂದರು. ಆಮೇಲೆ ಒಬ್ಬೊಬ್ಬರೂ ಕೆಲಸ, ಮದುವೆ ಅಂತ ಹೋದರು. ಈಗ ಅಣ್ಣ ಗುರುಗ್ರಾಮದ ಒಂದು ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ. ಡ್ರಮ್ಮರ್ ಭಯ್ಯಾ ಪೀತಮ್‌ಪುರದಲ್ಲಿ ನಲ್ಲಿ, ಸಿಂಕು, ಕಮೋಡುಗಳ ಅಂಗಡಿ ಇಟ್ಟಿದ್ದಾರೆ. ಗಿಟಾರಿನವನೂ ಕೀಬೋರ್ಡಿನವನೂ ವಿದೇಶ ಸೇರಿದರು. ಆದರೆ ಅವರ ಹಾಡುಗಳು ಅವರಿಗಿಂತ ಗಟ್ಟಿ. ಈಗಿನ ಮಕ್ಕಳು ಮೊಬೈಲಿನಲ್ಲಿ ಅದನ್ನು ಹೇಗೋ ಹುಡುಕಿಕೊಂಡು ಮತ್ತೆ ಕೇಳತೊಡಗಿದ್ದರು.

ಬಂದವಳು ಹುಡುಗಿ ಎಂದರೂ ಮೂವತ್ತು ದಾಟಿದವಳೇ. ದೆಹಲಿಯಲ್ಲೇ ಹುಟ್ಟಿ ಬೆಳೆದ ಕನ್ನಡದವಳು. ನೋಯ್ಡಾದ ಐ.ಟಿ. ಕೆಲಸ ಬಿಟ್ಟು, ಹಳೆಯ ಹಾಡುಗಳನ್ನು ಮತ್ತೆ ಹೊರತರುವ ಸಣ್ಣದೊಂದು ಕಂಪನಿ ಮಾಡಿಕೊಂಡಿದ್ದಳು.

“ಆಂಟಿ, ತಾಲೀಮಿನ ಓರಿಜಿನಲ್ ಕ್ಯಾಸೆಟ್ಸ್ ನಿಮ್ ಹತ್ರ ಇದೆ ಅಂತ ಅಂಕಲ್ ಹೇಳಿದ್ರು. ಸಚ್ಚಿ?” ಎಂದು ಬಾಗಿಲಲ್ಲೇ ಕೇಳಿದಳು. ಅಂಕಲ್ ಎಂದರೆ ನನ್ನ ಅಣ್ಣ.

ನಿಜವೇ ಆಗಿತ್ತು. ಅಪ್ಪ ನಿವೃತ್ತರಾಗಿ ಕ್ವಾರ್ಟರ್ಸ್ ಖಾಲಿ ಮಾಡುವಾಗ ಅಣ್ಣ ಆ ಕ್ಯಾಸೆಟ್ಟುಗಳನ್ನು ರದ್ದಿಗೆ ಹಾಕಲು ಹೊರಟಿದ್ದ. ನಾನು ಕಿತ್ತುಕೊಂಡು ಬಂದಿದ್ದೆ. ಯಾಕೆ ಎಂದು ಆಗ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಚಪ್ಪಲಿಯ ಡಬ್ಬಿಯೊಂದರಲ್ಲಿ ಹನ್ನೊಂದು ಕ್ಯಾಸೆಟ್ಟು, ಅವುಗಳ ಮೇಲೆ ಹತ್ತನೇ ಕ್ಲಾಸಿನ ನನ್ನ ದುಂಡು ಅಕ್ಷರ. ಗುಂಡಿ ಒತ್ತಿ ಅವನ್ನು ರೆಕಾರ್ಡ್ ಮಾಡಿದವಳೇ ನಾನು.

ಅಪ್ಪ ಕೇಂದ್ರ ಸರ್ಕಾರದ ನೌಕರರಾಗಿದ್ದರು, ಆರ್.ಕೆ.ಪುರಂನಲ್ಲಿ ಎರಡನೇ ಮಹಡಿಯ ಮನೆ. ಬೆಳಿಗ್ಗೆ ಒಂಬತ್ತಕ್ಕೆ ಅವರು ಬಸ್ಸು ಹತ್ತಿದರೆ ಸಂಜೆ ಆರರವರೆಗೆ ಅಮ್ಮನ ರಾಜ್ಯ. ಗಿಟಾರು ಕಂಡರೆ ಅಪ್ಪನಿಗೆ ಮೈಯೆಲ್ಲ ಉರಿ. ಅಮ್ಮನಿಗೆ ಮನೆ ತುಂಬ ಹುಡುಗರಿದ್ದು ಉಪ್ಪಿಟ್ಟಿನ ಬಾಣಲೆ ಖಾಲಿಯಾದರೆ ಅದಕ್ಕಿಂತ ದೊಡ್ಡ ಸಂತೋಷವಿಲ್ಲ. ಹಾಗಾಗಿ ಬೇಸಿಗೆ ರಜೆಯಲ್ಲಿ ಬ್ಯಾಂಡಿನ ತಾಲೀಮು ನಮ್ಮ ಮುಂದಿನ ಕೋಣೆಯಲ್ಲೇ ನಡೆಯುತ್ತಿತ್ತು. ಡ್ರಮ್ಮು ತರುವ ಹಾಗಿರಲಿಲ್ಲ, ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ಸೀಲಿಂಗ್ ಕುಟ್ಟುತ್ತಿದ್ದರು. ಡ್ರಮ್ಮರ್ ಭಯ್ಯಾ ನಾವು ಚಳಿಗೆ ಹೊದೆಯುವ ರಜಾಯಿಗಳ ಟ್ರಂಕನ್ನು ಬಡಿಯುತ್ತಿದ್ದರು. ಬೇಸಿಗೆಯಲ್ಲಿ ರಜಾಯಿಗಳೆಲ್ಲ ಟ್ರಂಕಿನೊಳಗಿರುವುದರಿಂದ ಸದ್ದು ಮೆತ್ತಗೆ, ದಪ್ಪಗೆ ಬರುತ್ತಿತ್ತು. ಚಳಿಗಾಲದಲ್ಲಿ ರಜಾಯಿ ಹೊರಗೆ ಬಂದಮೇಲೆ ಅದೇ ಟ್ರಂಕು ತಗಡಿನ ಅಂಗಡಿಯಾಗುತ್ತಿತ್ತು, ಆದ್ದರಿಂದ ಚಳಿಗಾಲದಲ್ಲಿ ಬ್ಯಾಂಡಿಗೆ ರಜೆ.

ನನ್ನ ಕೆಲಸ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತುವುದು, ಒಂದು ಮಗ್ಗುಲು ಮುಗಿದಾಗ ಕ್ಯಾಸೆಟ್ ತಿರುಗಿಸುವುದು, ಯಾರಾದರೂ ಮೆಟ್ಟಿಲು ಹತ್ತಿದರೆ ಕಿಟಕಿಯಿಂದ ನೋಡಿ ಹೇಳುವುದು. ಟೇಪ್ ರೆಕಾರ್ಡರನ್ನು ಮಡಿಲ ಪಕ್ಕದಲ್ಲೇ ಇಟ್ಟುಕೊಂಡು, ಟ್ರಂಕಿನ ಎದುರಿಗೆ ಚಾಪೆಯ ಮೇಲೆ ಕೂರುತ್ತಿದ್ದೆ. ಆಗ ನಾನು ನಮ್ಮ ಸೆಕ್ಟರಿನಲ್ಲೇ ಕರ್ನಾಟಕ ಸಂಗೀತದ ಪಾಠಕ್ಕೆ ಹೋಗುತ್ತಿದ್ದೆ. ನಮ್ಮ ಟೀಚರ್ ಮೈಸೂರಿನವರು. ಅವರಲ್ಲಿ ಬಾಯಿ ತಪ್ಪಿದರೆ ಕ್ಷಮೆಯುಂಟು, ತಾಳದ ಕೈ ನಿಂತರೆ ಇಲ್ಲ. ಹಾಗೆ ಪಳಗಿದ್ದರಿಂದ ಯಾವ ಹಾಡು ಕಿವಿಗೆ ಬಿದ್ದರೂ, ಅದು ಮದುವೆ ಮೆರವಣಿಗೆಯ ಬ್ಯಾಂಡೇ ಆಗಿರಲಿ, ನನ್ನ ಕೈ ತಾನಾಗಿ ತೊಡೆಗೆ ಹೋಗುತ್ತಿತ್ತು.

ಸಂಗೀತ ಕಲಿತವರಿಗೆ ಇದು ಗೊತ್ತು, ಕಲಿಯದವರಿಗಾಗಿ ಹೇಳುತ್ತೇನೆ. ಆದಿತಾಳಕ್ಕೆ ಎಂಟು ಎಣಿಕೆ. ಒಂದಕ್ಕೆ ಅಂಗೈಯಿಂದ ತೊಡೆಗೆ ಒಂದು ಏಟು. ಎರಡು, ಮೂರು, ನಾಲ್ಕಕ್ಕೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಇವು ಸದ್ದು ಮಾಡುವುದಿಲ್ಲ. ಐದಕ್ಕೆ ಮತ್ತೆ ಏಟು, ಆರಕ್ಕೆ ಅಂಗೈ ಮೇಲಕ್ಕೆ ತಿರುಗಿಸುವುದು. ಏಳಕ್ಕೆ ಏಟು, ಎಂಟಕ್ಕೆ ತಿರುಗಿಸುವುದು. ಕಣ್ಣು ಮುಚ್ಚಿಕೊಂಡು ಕೇಳುವವರಿಗೆ ಎಂಟರಲ್ಲಿ ಮೂರೇ ಸದ್ದು. ಒಂದು ಏಟು ಬಿದ್ದು, ಎಲ್ಲಿ ಹೋಯಿತು ಎನ್ನುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಬೇಗ ಬೇಗ ಎರಡು.

ಒಂದು ದಿನ ಅಣ್ಣ ರೆಕಾರ್ಡ್ ಮಾಡಿದ್ದನ್ನು ಹಾಕಿ ಕೇಳಿದ. ಹಾಡು ದೂರದಲ್ಲಿ, ನನ್ನ ತೊಡೆ ಹತ್ತಿರದಲ್ಲಿ.

“ಏನೇ ಇದು ಪಟಪಟ? ಮೀನು ಒದ್ದಾಡ್ದಂಗಿದೆ! ಕೈ ಮೇಲೆ ಕೂತ್ಕೋ.”

ಕೂತುಕೊಂಡೆ. ಅವತ್ತು ಹೊಸ ಹಾಡು ನಾಲ್ಕು ಸಲ ನಡುವೆಯೇ ಮುರಿಯಿತು. ಡ್ರಮ್ಮರ್ ಭಯ್ಯಾ ಟ್ರಂಕನ್ನು ಬೈದರು, ರಜಾಯಿಗಳನ್ನು ಹೊರಗೆ ತೆಗೆದು ಮತ್ತೆ ಮಡಿಸಿಟ್ಟರು, ಸೆಖೆಯನ್ನು ದೂರಿದರು. ಕೊನೆಗೆ, “ಅರೇ ಯಾರ್, ಛೋಟಿಯ ಕೈ ಬಿಡು. ಜೋಮು ಹಿಡಿಯತ್ತೆ ಪಾಪ” ಎಂದರು. ಅವರ ಮಾತೆಲ್ಲ ಹಿಂದಿಯಲ್ಲೇ. ನನ್ನನ್ನು ಅವರು ಛೋಟಿ ಎಂದೇ ಕರೆಯುತ್ತಿದ್ದುದು. ಎಷ್ಟು ಒಳ್ಳೆಯವರು ಎಂದು ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಮುಂದಿನ ವರ್ಷ ಅವರು ನಿಜವಾದ ಸ್ಟುಡಿಯೋಗೆ ಹೋಗಿ ಅದೇ ಹಾಡುಗಳನ್ನು ರೆಕಾರ್ಡ್ ಮಾಡಿದರು. ನನಗೆ ಬೋರ್ಡ್ ಪರೀಕ್ಷೆ, ಯಾರೂ ಕರೆಯಲಿಲ್ಲ. ಆಲ್ಬಂ ಬಂದಾಗ ಎಲ್ಲರೂ ಹೊಗಳಿದ್ದು ಆ ಹೊಸ ಹಾಡಿನ ಡ್ರಮ್ಮನ್ನು. ಎಲ್ಲೂ ಕೇಳಿರದ ನಡೆ ಎಂದರು. ಅಣ್ಣ ಅದಕ್ಕೊಂದು ಕಥೆಯನ್ನೂ ಕಟ್ಟಿದ. ರಿಂಗ್ ರೋಡಿನ ಬಸ್ಸಿನಲ್ಲಿ ನಿಂತು ಬರುತ್ತಿದ್ದಾಗ ಡ್ರೈವರು ಗೇರು ಬದಲಿಸಿದ ಸದ್ದಿನಿಂದ ಅದು ತನಗೆ ಹೊಳೆಯಿತಂತೆ. ಆ ಕಥೆಯನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ ನನಗೂ ಆ ಬಸ್ಸು ಕಣ್ಣಿಗೆ ಕಟ್ಟಿತ್ತು. ಹಾಡು ಹಾಕಿದಾಗಲೆಲ್ಲ ನನ್ನ ಕೈ ಸರಾಗವಾಗಿ ತಾಳ ಹಾಕುತ್ತಿತ್ತು. ಎಷ್ಟು ಚೆನ್ನಾಗಿ ಕೂರುತ್ತದೆ ಈ ಹಾಡು ಎಂದುಕೊಂಡು ಸುಮ್ಮನಾಗುತ್ತಿದ್ದೆ. ಇಷ್ಟು ಹೇಳಿದ ಮೇಲೆ ನಿಮಗೆ ಹೊಳೆದದ್ದು ನನಗೆ ಮೂವತ್ತು ವರ್ಷ ಹೊಳೆಯಲಿಲ್ಲ. ದಡ್ಡತನಕ್ಕೆ ವಿವರಣೆ ಕೊಡುವುದು ಕಷ್ಟ.

ಆ ಹುಡುಗಿ ಕ್ಯಾಸೆಟ್ಟುಗಳನ್ನು ಒಯ್ದು ಒಂದೂವರೆ ತಿಂಗಳ ಮೇಲೆ ಲ್ಯಾಪ್‌ಟಾಪ್ ಹಿಡಿದು ಬಂದಳು. ನಮ್ಮವರು ಅಂದು ಕಚೇರಿಗೆ ರಜೆ ಹಾಕಿದ್ದರು. ನಮ್ಮ ಮದುವೆಯ ದಿನಕ್ಕೆ ಹಾಕಿದ ನೆನಪಿಲ್ಲ.

“ಆಂಟಿ, ತುಂಬಾ ಖರಾಬ್ ಆಗಿತ್ತು. ನಾನು ಪೂರಾ ಕ್ಲೀನ್ ಮಾಡಿದೀನಿ, ಸುನಿಯೇ” ಎಂದಳು.

ಹಾಡು ಶುರುವಾಯಿತು. ಇಪ್ಪತ್ತರ ಅಣ್ಣನ ಧ್ವನಿ, ಮೇಲಿನ ಸ್ವರಕ್ಕೆ ಹೋಗುವಾಗ ಕಾಲು ಜಾರಿದ್ದು, ಟ್ರಂಕಿನ ದಪ್ಪ ಸದ್ದು. ನಡುವೆ ನಮ್ಮ ಅಮ್ಮನ ಕುಕ್ಕರು ಮೂರು ಸಲ ಕೂಗಿತು. ನನಗೆ ಖುಷಿಯಿಂದ ನಗು ಬಂತು. ಆದರೆ ಏನೋ ಒಂದು ಇಲ್ಲ ಅನ್ನಿಸುತ್ತಲೇ ಇತ್ತು. ಹಲ್ಲು ಕಿತ್ತಿಸಿದ ಜಾಗಕ್ಕೆ ನಾಲಿಗೆ ಹೋದ ಹಾಗೆ ನನ್ನ ಕಿವಿ ಅಲ್ಲಿಗೇ ಹೋಗುತ್ತಿತ್ತು.

“ಏನಮ್ಮಾ ತೆಗ್ದಿದೀಯ ಇದ್ರಿಂದ?” ಎಂದು ಮೊದಲು ಕೇಳಿದವರು ನಮ್ಮವರೇ.

“ಟೇಪಿನ ಹಿಸ್ ಸದ್ದು ತೆಗೆದೆ. ಮತ್ತೆ ಅಂಕಲ್ ಹೇಳಿದ್ರು, ಒಂದು ಪಟಪಟ ನಾಯ್ಸ್ ಇತ್ತಲ್ಲ, ಅದೂ. ಬಹುತ್ ಮುಶ್ಕಿಲ್ ಆಯ್ತು, ಪೂರಾ ಹನ್ನೊಂದು ಕ್ಯಾಸೆಟ್‌ನಲ್ಲೂ ಇತ್ತು.”

“ಮತ್ತೆ ಕುಕ್ಕರು?”

“ಕುಕ್ಕರ್ ಕ್ಯೂಟ್ ಅಲ್ವಾ? ಅಂಕಲ್ ರಖೋ, ಇರ್ಲಿ ಅಂದ್ರು. ಘರ್ ಕಾ ಫೀಲ್ ಬರತ್ತೆ ಅಂತ.”

ಅಮ್ಮನ ಕುಕ್ಕರಿಗೆ ಬಾಕ್ಸ್ ಸೆಟ್ಟಿನಲ್ಲಿ ಜಾಗವುಂಟು, ಅಮ್ಮನ ಮಗಳಿಗಿಲ್ಲ! ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಒಂದಿಡೀ ಬೇಸಿಗೆ ತೊಡೆ ಕೆಂಪಾಗುವಂತೆ ಹಾಕಿದ ತಾಳವನ್ನು ಆ ಲ್ಯಾಪ್‌ಟಾಪು ಒರೆಸಿ ಹಾಕಿತ್ತು. ಹುಡುಗಿಯದೇನೂ ತಪ್ಪಿಲ್ಲ. ಅವಳಿಗೆ ಕಾಫಿ ಕೊಟ್ಟು, ಬಾಲ್ಕನಿಗೆ ಹೋಗಿ ಅಣ್ಣನಿಗೆ ಫೋನು ಮಾಡಿದೆ.

“ಲೇ, ಜನ ಕಾಸು ಕೊಟ್ಟು ಕೊಳ್ತಾರೆ. ನಿನ್ನ ತೊಡೆ ಬಡ್ತ ಕೇಳಿಸ್ಲಾ ಅವ್ರಿಗೆ?” ಎಂದ.

“ನೀನು ಶ್ರುತಿ ಬಿಟ್ಟು ಕಿರುಚಿದ್ದು ಕೇಳಿಸ್ಬೋದು, ನನ್ನ ತಾಳ ಕೇಳಿಸ್ಬಾರ್ದಾ?”

“ನಾನು ಬ್ಯಾಂಡಲ್ಲಿದ್ದೆ. ನೀನು ಬ್ಯಾಂಡಲ್ಲಿ ಇರ್ಲಿಲ್ಲ ಕಣೇ. ಟೇಪ್ ಒತ್ತೋಳು ಅಷ್ಟೆ.”

ಕೋಪದಲ್ಲಿ ಹೇಳಿದ್ದರೆ ನಾನೂ ನಾಲ್ಕು ಅಂದು ಮುಗಿಸುತ್ತಿದ್ದೆ. ಅವನು ಸಮಾಧಾನದಿಂದ, ಇದ್ದದ್ದು ಇದ್ದ ಹಾಗೆ ಅನ್ನುವ ಧಾಟಿಯಲ್ಲಿ ಹೇಳಿದ. ಫೋನಿಟ್ಟು ಅಡುಗೆಮನೆಗೆ ಹೋಗಿ ಹುರುಳಿಕಾಯಿ ಹೆಚ್ಚಲು ಕೂತೆ. ನನಗೆ ಅಳು ಬಂತು. ಇಷ್ಟು ವಯಸ್ಸಾಗಿ, ಇಬ್ಬರು ಕ್ಲಾರ್ಕುಗಳಿಗೆ ಮೇಲಧಿಕಾರಿಯಾಗಿ, ಒಂದು ಹಳೆಯ ಕ್ಯಾಸೆಟ್ಟಿಗೆ ಅಳುವುದೇ ಎಂದು ನಾಚಿಕೆಯೂ ಆಯಿತು. ಆ ಬೇಸಿಗೆಯಷ್ಟು ಸಂತೋಷದ ಬೇಸಿಗೆ ನನಗೆ ಇನ್ನೊಂದಿಲ್ಲ. ನಾನೂ ಅದರಲ್ಲಿದ್ದೆ ಎಂದೇ ನಂಬಿಕೊಂಡಿದ್ದೆ, ರದ್ದಿಯಿಂದ ಆ ಡಬ್ಬಿ ಕಿತ್ತುಕೊಂಡದ್ದೂ ಅದಕ್ಕೇ. ಅಲ್ಲಿ ನಾನಿದ್ದೆ ಎಂಬುದಕ್ಕೆ ಆ ಪಟಪಟ ಬಿಟ್ಟು ಬೇರೆ ಗುರುತಿರಲಿಲ್ಲ.

ನಮ್ಮವರು ಹಾಲಿನಲ್ಲಿ ಹುಡುಗಿಗೆ ಪಾಠ ಮಾಡುತ್ತಿದ್ದುದು ಕೇಳಿಸುತ್ತಿತ್ತು. “ನೋಡಮ್ಮಾ, ಹೀಗೆ ತೊಳೆದಿಟ್ರೆ ಇದನ್ನ ನಾನು ಕೊಳ್ಳಲ್ಲ. ಸ್ವಂತ ಭಾವಮೈದುನನ ಬ್ಯಾಂಡಾದ್ರೂ ಕೊಳ್ಳಲ್ಲ!” ಮದುವೆಯಾಗಿ ಅಷ್ಟು ವರ್ಷಕ್ಕೆ ಮೊದಲ ಸಲ ಆ ಬಾಕ್ಸ್ ಸೆಟ್ಟಿನ ಕಟ್ಟಳೆ ನನಗೆ ಅರ್ಥವಾಯಿತು, ಇಷ್ಟವೂ ಆಯಿತು.

ಹುಡುಗಿ ಹೇಳಿದ ಪ್ರಕಾರ ಇನ್ನೊಂದೇ ಹೆಜ್ಜೆ ಬಾಕಿ. ವಿದೇಶದ ಇಬ್ಬರೂ ಕೇಳಿ ಒಪ್ಪಿದ್ದರು. ಅಣ್ಣ ಒಪ್ಪಿದ್ದ. ಡ್ರಮ್ಮರ್ ಭಯ್ಯಾ ಮಾತ್ರ, ಮೊಬೈಲಿನಲ್ಲಿ ಕೇಳುವುದಿಲ್ಲ, ಮನೆಗೆ ಬಂದು ದೊಡ್ಡ ಸ್ಪೀಕರಿನಲ್ಲಿ ಹಾಕಿ ತೋರಿಸಿ ಎಂದು ಹಟ ಹಿಡಿದಿದ್ದರು. ಭಾನುವಾರ ಪೀತಮ್‌ಪುರದಲ್ಲಿ ಎಲ್ಲರೂ ಸೇರುವುದೆಂದಾಯಿತು.

“ನಾವೂ ಹೋಗೋಣ” ಎಂದರು ನಮ್ಮವರು.

“ನಮ್ಮನ್ನ ಯಾರು ಕರೆದಿದಾರೆ? ನಾನು ಬರಲ್ಲ.”

“ಕ್ಯಾಸೆಟ್ ಯಾರ್ದು? ನಿಂದು. ಚಲೋ ಚಲೋ.”

ಹೀಗೆ ಕರೆಯದ ಮನೆಗೆ ಮೆಟ್ರೋ ಹತ್ತಿ ಹೊರಟೆವು. ಕೆಳಗೆ ಅಂಗಡಿ, ಮೇಲೆ ಮನೆ. ಹೊಳೆಯುವ ನಲ್ಲಿಗಳ ಸಾಲು ದಾಟಿ ಮೆಟ್ಟಿಲು ಹತ್ತಬೇಕು. ಡ್ರಮ್ಮರ್ ಭಯ್ಯಾರ ತಲೆ ಪೂರ್ತಿ ಬೋಳಾಗಿ, ಹೊಟ್ಟೆ ಎರಡು ಹೆಜ್ಜೆ ಮುಂದೆ ನಡೆಯುತ್ತಿತ್ತು. “ಅರೇ, ಛೋಟಿ ಆ ಗಯೀ!” ಎಂದು ಕೂಗಿದ ಗಂಟಲು ಮಾತ್ರ ಹಾಗೇ ಇತ್ತು. ಮೂಲಂಗಿ ಪರಾಠ, ಬೆಣ್ಣೆ, ಉಪ್ಪಿನಕಾಯಿ ತಟ್ಟೆಗೆ ಬೀಳುತ್ತಲೇ ಇದ್ದವು. ಅಣ್ಣ ನನ್ನನ್ನು ನೋಡಿ, “ನೀನೂ ಬಂದ್ಯಾ?” ಎಂದು ಸೋಫಾದಲ್ಲಿ ಸರಿದು ಕೂತ. ನಾನು ಬೇಕೆಂದೇ ಆ ಜಾಗ ಬಿಟ್ಟು ಎದುರಿನ ಕುರ್ಚಿಯಲ್ಲಿ ಕೂತೆ.

ಹುಡುಗಿ ಆ ಹೆಸರಾದ ಹಾಡನ್ನೇ ಹಾಕಿದಳು, ತೊಳೆದು ಮಡಿ ಮಾಡಿದ್ದು. ಒಂದು ನಿಮಿಷವೂ ಆಗಿರಲಿಲ್ಲ, ಭಯ್ಯಾ ಕೈಯೆತ್ತಿ ನಿಲ್ಲಿಸಿದರು.

“ಇದು ನಾನಲ್ಲ” ಎಂದರು.

“ನೀನೇ ಕಣೋ. ನಮ್ಮನೆ ಟ್ರಂಕು” ಎಂದ ಅಣ್ಣ.

“ಟ್ರಂಕು ಅದೇ. ಬಡಿಯೋನು ದಾರಿ ತಪ್ಪಿದ ಹಾಗೆ ಕೇಳಿಸ್ತಾ ಇದಾನಲ್ಲ. ಏನು ತೆಗೆದ್ರಿ ಇದರಿಂದ? ಮೊದಲಿಂದು ಹಾಕು ಬೇಟಿ.”

ಅವಳು ಮೂಲ ಕ್ಯಾಸೆಟ್ಟಿನದನ್ನು ಹಾಕಿದಳು. ಹಿಸ್ ಎಂಬ ಸದ್ದಿನ ಜೊತೆ ಆರ್.ಕೆ.ಪುರಂನ ಆ ಕೋಣೆ ತುಂಬಿಕೊಂಡಿತು. ಪಟ್ ಎಂದು ನನ್ನ ತೊಡೆ. ಆ ಉದ್ದ ಬಿಡುವು. ಮತ್ತೆ ಪಟ್, ಪಟ್. ಭಯ್ಯಾರ ಮುಖದಲ್ಲಿ ನಗು ಮೂಡಿತು, ಹಾಗೇ ಕೆಂಪಗೂ ಆಯಿತು. ಲ್ಯಾಪ್‌ಟಾಪಿನ ಮೇಲೆ ಸದ್ದು ಗೆರೆಗಳಾಗಿ ಓಡುತ್ತಿತ್ತು. ಹುಡುಗಿ ಅದನ್ನೇ ದಿಟ್ಟಿಸಿ ನೋಡುತ್ತಿದ್ದವಳು ಒಮ್ಮೆಲೇ ಹಾಡು ನಿಲ್ಲಿಸಿ ಗೆರೆಗಳನ್ನು ದೊಡ್ಡದು ಮಾಡಿದಳು.

“ಆಂಟಿ, ಏ ದೇಖಿಯೇ. ಸಣ್ಣ ಗೆರೆ ನಿಮ್ದು. ದಪ್ಪ ಗೆರೆ ಡ್ರಮ್. ಪ್ರತಿ ಸಲಾನೂ ನಿಮ್ದು ಮೊದಲು ಬರ್ತಾ ಇದೆ.”

ನಾವೆಲ್ಲ ಬಗ್ಗಿ ನೋಡಿದೆವು. ಸಣ್ಣದು, ಹಿಂದೆಯೇ ದಪ್ಪದು. ಮತ್ತೆ ಸಣ್ಣದು, ಹಿಂದೆಯೇ ದಪ್ಪದು. ಕೂದಲೆಳೆಯಷ್ಟು ಅಂತರ. ಎಲ್ಲೂ ದಪ್ಪ ಗೆರೆ ಮುಂದೆ ಹೋಗಿರಲಿಲ್ಲ.

ಭಯ್ಯಾ ಪರಾಠದ ತಟ್ಟೆ ಕೆಳಗಿಟ್ಟು ಕೈ ಒರೆಸಿಕೊಂಡರು. “ನನಗೆ ಎಣಿಸೋಕೆ ಬರ್ತಿರಲಿಲ್ಲ ಛೋಟಿ” ಎಂದರು. “ಮೊದಲ್ನೇ ದಿನದಿಂದಲೂ. ಹುಡುಗರಿಗೆ ಹೇಳೋಕೆ ನಾಚಿಕೆ. ನೀನು ಎದುರಿಗೇ ಕೂತಿರ್ತಿದ್ದೆ. ನಿನ್ನ ಕೈ ಬಿದ್ದಾಗ ನಾನೂ ಬಡಿಯೋದು, ಸುಮ್ಮನಿದ್ದಾಗ ನಾನೂ ಸುಮ್ಮನಿರೋದು. ಅಷ್ಟೇ ನನ್ನ ಡ್ರಮ್ಮು.”

“ಮತ್ತೆ ಸ್ಟುಡಿಯೋದಲ್ಲಿ? ಅಲ್ಲಿ ನಾನಿರಲಿಲ್ಲವಲ್ಲ?” ಎಂದೆ. 

ಅವರು ಎಡಗೈಯನ್ನು ತೊಡೆಯ ಮೇಲೆ ಬಡಿದರು. ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಏಟು, ತಿರುವು. ಏಟು, ತಿರುವು. ದಪ್ಪ ಬೆರಳುಗಳು, ಒಂದರಲ್ಲಿ ಹವಳದ ಉಂಗುರ. ಆದಿತಾಳ, ಒಂದು ಕೂದಲೂ ಆಚೀಚೆ ಇಲ್ಲ. “ತಾಲೀಮು ಮುಗಿದಮೇಲೆ ನಮ್ಮನೇಲಿ ಕೂತು ಕಲ್ತೆ. ಡ್ರಮ್ಮಿನ ಹಿಂದೆ ಕೂತಾಗ ಮನಸ್ಸಲ್ಲಿ ಈ ಕೈ ನಡೀತಿರತ್ತೆ, ಇವತ್ತಿಗೂ” ಎಂದರು.

ತಾಳವನ್ನು ಎಡಗೈಯಲ್ಲಿ ಹಾಕಬಾರದು. ಪಾಠದಲ್ಲಿ ಯಾರಾದರೂ ಹಾಕಿದ್ದರೆ ನಮ್ಮ ಟೀಚರ್ ಎದ್ದು ಬಂದು ಕಿವಿ ಹಿಂಡುತ್ತಿದ್ದರು. ಭಯ್ಯಾಗೆ ಅದು ಹೇಗೆ ಗೊತ್ತಿರಬೇಕು? ಅವರು ಕಲಿತದ್ದು ನನ್ನ ಎದುರಿಗೆ ಕೂತು, ಕನ್ನಡಿಯಲ್ಲಿ ನೋಡಿದ ಹಾಗೆ ನೋಡಿ. ನನ್ನ ಬಲಗೈ ಅವರ ಎಡಗೈಯಾಗಿತ್ತು. ಆ ತಪ್ಪನ್ನು ನೋಡಿದ್ದೇ ನನಗೆ ನಗು ಉಕ್ಕಿ ಬಂತು, ನಗುತ್ತ ನಗುತ್ತ ಕಣ್ಣು ತುಂಬಿತು. ಯಾರ ಮಾತಿಗೂ ಇಷ್ಟು ಸುಖವಾದದ್ದು ನನಗೆ ನೆನಪಿಲ್ಲ. ನಮ್ಮವರು ಕರವಸ್ತ್ರ ಕೊಡಲು ಜೇಬಿಗೆ ಕೈಹಾಕಿ, ಅದರಿಂದ ತಾವೇ ಮೂಗು ಒರೆಸಿಕೊಂಡರು.

 ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನನ್ನ ನಾಲಿಗೆ ತುದಿಗೆ ಬಂದಿತ್ತು. ಅಣ್ಣನ ಮುಖ ನೋಡಿ ನುಂಗಿಕೊಂಡೆ. ಅವನು ಆ ಗೆರೆಗಳನ್ನು ಇನ್ನೊಮ್ಮೆ ಬಗ್ಗಿ ನೋಡಿ ಹುಡುಗಿಯನ್ನು ಕೇಳಿದ. “ಪುಸ್ತಕ ಪ್ರಿಂಟಿಗೆ ಹೋಯ್ತಾ?”

“ನಹೀ ಅಂಕಲ್, ಮಂಗಳವಾರ.”

“ಅದ್ರಲ್ಲಿ ನಂದೊಂದು ಬಸ್ಸಿನ ಕಥೆ ಇದ್ಯಲ್ಲ.”

“ಹಾಂ, ಪೂರಾ ಎರಡು ಪೇಜ್. ಬಹುತ್ ಅಚ್ಛಾ ಹೈ.”

“ತೆಗ್ದುಬಿಡು.”

ಭಯ್ಯಾ ಚಪ್ಪಾಳೆ ತಟ್ಟಿದರು. ಮೂವತ್ತು ವರ್ಷ ಆ ಬಸ್ಸಿನಲ್ಲಿ ಟಿಕೆಟ್ಟಿಲ್ಲದೆ ಓಡಾಡಿದ್ದೀಯ, ಇನ್ನು ಇಳಿ ಎಂದು ಅಣ್ಣನ ಬೆನ್ನಿಗೆ ಗುದ್ದಿದರು. ಅಣ್ಣನಿಗೂ ನಗು ತಡೆಯಲಾಗಲಿಲ್ಲ. ಆ ಎರಡು ಪುಟಕ್ಕೆ ಏನು ಹಾಕುವುದು ಎಂದು ಹುಡುಗಿ ಕೇಳಿದಾಗ ಆ ಸಣ್ಣ ಗೆರೆ ದಪ್ಪ ಗೆರೆಗಳ ಚಿತ್ರವನ್ನೇ ಹಾಕು ಎಂದವರು ನಮ್ಮವರು. ಹಾಗೇ ಆಯಿತು. ಕ್ಯಾಸೆಟ್ಟುಗಳನ್ನು ತೊಳೆಯದೆ ಹಾಕಿದರು, ಕುಕ್ಕರೂ ನಾನೂ ಇಬ್ಬರೂ ಉಳಿದೆವು. ನಮ್ಮವರು ಮೊದಲ ಪೆಟ್ಟಿಗೆಯನ್ನು ತಾವೇ ಕೊಂಡು, ಹಾಡಿನ ಪಟ್ಟಿಯನ್ನು ಕನ್ನಡಕ ಹಣೆಗೇರಿಸಿ ಓದಿ, ಪಾಸು ಎಂದು ಗೋಡೆಗೇರಿಸಿದರು.

ಬಿಡುಗಡೆಯ ದಿನ ಒಂದೇ ಒಂದು ಹಾಡನ್ನಾದರೂ ಜನರ ಎದುರಿಗೆ ಹಾಡಿ ಎಂದು ಹುಡುಗಿ ದುಂಬಾಲು ಬಿದ್ದಳು. ಪೀತಮ್‌ಪುರದ ಅದೇ ಹಾಲಿನಲ್ಲಿ ತಾಲೀಮು. ಹಿಂದಿನ ದಿನ ಭಯ್ಯಾ ಫೋನು ಮಾಡಿ, “ಛೋಟಿ, ನಾಳೆ ಬೇಗ ಬಾ. ನಿನ್ನ ಚಾಪೆ ಹಾಸಿರ್ತೀನಿ” ಎಂದರು.

ಹೋದೆ. ಈ ಸಲ ನಿಜವಾದ ಡ್ರಮ್ಮುಗಳಿದ್ದವು. ಅವುಗಳ ಎದುರಿಗೇ ಚಾಪೆ. ಗಿಟಾರಿನವನು ವಿದೇಶದಲ್ಲಿದ್ದುದರಿಂದ ಅಣ್ಣನೇ ಗಿಟಾರು ಹೆಗಲಿಗೇರಿಸಿ, ಗಂಟಲು ಸರಿಮಾಡಿಕೊಂಡು, ನೀರು ಕುಡಿದು ನಿಂತ. ಮೊದಲಾಗಿದ್ದರೆ ತಾನೇ ಒಂದು ಎರಡು ಮೂರು ಎಂದು ಕೂಗಿ ಭಯ್ಯಾಗೆ ಸನ್ನೆ ಮಾಡುತ್ತಿದ್ದ. ಅವತ್ತು ಕೂಗಲಿಲ್ಲ, ಭಯ್ಯಾ ಕಡೆ ತಿರುಗಲೂ ಇಲ್ಲ. ನನ್ನ ಬಲಗೈಯನ್ನೇ ನೋಡುತ್ತ ಉಸಿರು ಎಳೆದುಕೊಂಡು ಕಾದ.

ಮೂವತ್ತು ವರ್ಷ ನನ್ನನ್ನು ಕಾಯಿಸಿದ್ದಾನೆ, ಇನ್ನರ್ಧ ನಿಮಿಷ ಅವನೂ ಕಾಯಲಿ ಎಂದು ನಾನು ನಿಧಾನವಾಗಿ ಸೀರೆಯ ನೆರಿಗೆ ಸರಿಮಾಡಿಕೊಂಡೆ. ಆಮೇಲೆ ಕೈ ಎತ್ತಿದೆ.